ಸೀದಾ ಕಾಲು

“ಹುಮೇರಾ, ಮತ್ತ ಬಿದ್ದೆಲ್ಲಾ! ಈ ಸಲ ಪರೇಡ್ ಬ್ಯಾಡ ಬಿಡು. ಹೋಗಿ ಕೂಡು,” ಎಂದರು ಪಿ.ಟಿ. ಮಾಸ್ತರು ಮಲ್ಲಿನಾಥ ಸರ್.

ಬೈದಿದ್ದರೂ ಆಗುತ್ತಿತ್ತು. ಅವರು ಮೆತ್ತಗೆ ಹೇಳಿದ್ದೇ ಹೆಚ್ಚು ನೋಯಿಸಿತು. ಮಳೆ ಬಂದು ಮೈದಾನವೆಲ್ಲ ರಾಡಿಯಾಗಿತ್ತು. ಎಲ್ಲರೂ ಬರಿಗಾಲಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದರು. ಹುಮೇರಾ ಶಾಲೆಯ ವರಾಂಡಕ್ಕೆ ಬಂದಳು. ಸಾಲಿನಲ್ಲಿ ಅವಳ ಜಾಗಕ್ಕೆ ಗೆಳತಿ ನಾಗಲಕ್ಷ್ಮಿ ಒಂದು ಹೆಜ್ಜೆ ಸರಿದಳು. ಹಿಂತಿರುಗಿ ಕೂಡ ನೋಡಲಿಲ್ಲ.

ನಡೆಯುವಾಗ ಹುಮೇರಾಳ ಪಾದಗಳು ಒಳಕ್ಕೆ ತಿರುಗುತ್ತವೆ. ಜೋರಾಗಿ ನಡೆದರೆ ಒಂದು ಕಾಲು ಇನ್ನೊಂದಕ್ಕೆ ತೊಡರುತ್ತದೆ. ಶಾಲೆ ಬಿಟ್ಟ ಮೇಲೆ ಗೆಳತಿಯರೆಲ್ಲ ಮುಂದೆ, ಇವಳೊಬ್ಬಳೇ ಹಿಂದೆ. “ತಡಿರೇ” ಎಂದು ಕೂಗುವುದನ್ನೂ ಈಗ ಬಿಟ್ಟಿದ್ದಳು.

ಶಹಾಪುರದ ಡಾಕ್ಟರು ಹೇಳಿದ್ದರು, “ದಿನಾ ಗೆರಿ ಮ್ಯಾಲ ಸೀದಾ ಕಾಲಿಟ್ಟು ನಡಿಬೇಕವ್ವಾ. ಸರಿ ಹೋಗ್ತದ.” ಒಂದು ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲ. ಎಲ್ಲಿ ಸರಿ ಹೋಯಿತು?

ಅಳು ಬಂತು. ಆದರೂ ಹಟಮಾರಿ ಹುಡುಗಿ. ಅಳುತ್ತಲೇ ಎದ್ದು, ಫರಸಿ ಕಲ್ಲುಗಳ ನಡುವಿನ ಗೆರೆಯ ಮೇಲೆ ನಡೆಯತೊಡಗಿದಳು.

“ಯವ್ವಾ, ಈಗರೆ ತೊಳದೀನಿ!” ಎನ್ನುತ್ತ ಬಂದರು ಬಿಸಿಯೂಟದ ಅಯ್ಯಮ್ಮ. ರಾಡಿಯ ಹೆಜ್ಜೆಗಳನ್ನು ಕಂಡು ಅಲ್ಲೇ ನಿಂತರು. “ಅಲ್ಲಾ, ನಿನ್ನ ಬಲಗಾಲು ನೆಟ್ಟಗ ಬಂದದ. ಎಡಗಾಲು ಯಾಕ ಹಿಂಗ ಸೊಟ್ಟ?”

“ಡಾಕ್ಟರು ಸೀದಾ ಕಾಲಷ್ಟೇ ಅಂದಾರ್ರಿ. ಉಲ್ಟಾ ಕಾಲಿಗೆ ಏನೂ ಹೇಳಿಲ್ರಿ.”

ಹುಮೇರಾಳ ಮನೆಯಲ್ಲಿ ಉರ್ದು ಮಾತು. ಅಜ್ಜಿ ಮದೀನಾಬೀ ಬಲಗೈಗೆ ಸೀದಾ ಕೈ, ಎಡಗೈಗೆ ಉಲ್ಟಾ ಕೈ ಎನ್ನುತ್ತಾರೆ. ಕಾಲಿಗೂ ಹಾಗೆಯೇ.

ಅಯ್ಯಮ್ಮನಿಗೆ ಇದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ನಗು ತಡೆಯಲಾಗಲಿಲ್ಲ. “ಹುಚ್ಚಿ! ಸೀದಾ ಅಂದ್ರ ನೆಟ್ಟಗ. ಡಾಕ್ಟರು ಎರಡೂ ಕಾಲಿಗೆ ಹೇಳ್ಯಾರ!”

ಹುಮೇರಾ ನಗಲಿಲ್ಲ. ತನ್ನ ಹೆಜ್ಜೆಗಳನ್ನೇ ನೋಡುತ್ತ ನಿಂತಳು. ಬಲಗಾಲು ನಿಜವಾಗಿಯೂ ಕಲಿತುಬಿಟ್ಟಿತ್ತು. ಎಡಗಾಲೇನು ದಡ್ಡ ಕಾಲಲ್ಲ. ಪಾಪ, ತಿಂಗಳಿಡೀ ಅದನ್ನು ಯಾರೂ ಕರೆದೇ ಇರಲಿಲ್ಲ. ಅವಳು ಕೂಡ.

ಮೈದಾನದಲ್ಲಿ ಸಾಲು ಅವಳಿಲ್ಲದೆಯೇ ಹೊರಟಿತ್ತು. ಮಲ್ಲಿನಾಥ ಸರ್ ಕೂಗುತ್ತಿದ್ದರು, “ಲೆಫ್ಟ್! ಲೆಫ್ಟ್!”

ಹುಮೇರಾ ಕಣ್ಣೊರೆಸಿಕೊಂಡು ಎಡಗಾಲನ್ನು ಗೆರೆಯ ಮೇಲೆ ನೆಟ್ಟಗೆ ಇಟ್ಟಳು.