ಎಡಕ್ಕೆ ತಿರುಗದ ಬಾಣಲೆ

ಭಾನುವಾರ ಬೆಳಿಗ್ಗೆ ಎಂಟೂಕಾಲಕ್ಕೆ ಯುದ್ಧ ಸಂಗ್ರಹಾಲಯದ ಮೇಲ್ವಿಚಾರಕರು ಏದುಸಿರು ಬಿಡುತ್ತ ಠಾಣೆಗೆ ಬಂದು, ಟ್ಯಾಂಕು ಕಳವಾಗಿದೆ ಎಂದರು. ರೈಟರ್ ತಲೆ ಎತ್ತದೆಯೇ ಕೇಳಿದ: "ಎಷ್ಟು ಲೀಟರಿಂದು?"

"ನೀರಿಂದಲ್ಲ ಸ್ವಾಮಿ, ಯುದ್ಧದ್ದು! ನಮ್ಮ ಬಾಣಲೆ!"

ಒಳಗಿದ್ದ ಇನ್‌ಸ್ಪೆಕ್ಟರ್ ಚಹಾ ಲೋಟ ಕೆಳಗಿಟ್ಟು ಎದ್ದು ಬಂದರು. ಅವರ ಸರ್ವೀಸಿನಲ್ಲಿ ಎಮ್ಮೆಯಿಂದ ಹಿಡಿದು ಮದುವೆ ಗಂಡಿನವರೆಗೆ ಏನೇನೋ ಕಾಣೆಯಾಗಿದ್ದವು. ಒಂಬತ್ತು ಟನ್ ಕಬ್ಬಿಣ ಹಾಡುಹಗಲೇ ಮಾಯವಾದದ್ದು ಇದೇ ಮೊದಲು.

ಬಾಣಲೆ ಗೊತ್ತಿಲ್ಲದವರು ಆ ಊರಿನಲ್ಲಿ ಇರಲಿಲ್ಲ. ಐವತ್ತು ವರ್ಷಗಳ ಹಿಂದೆ ಶತ್ರುಸೈನ್ಯ ಊರನ್ನು ಸುತ್ತುವರಿದಾಗ, ಟ್ರ್ಯಾಕ್ಟರ್ ಕಾರ್ಖಾನೆಯವರು ಒಂದು ಚೈನ್ ಟ್ರ್ಯಾಕ್ಟರಿಗೆ ಬಾಯ್ಲರ್ ತಗಡು ಹೊದಿಸಿ, ನಡುವೆ ಮರದ ಹಲಗೆ ತುರುಕಿ ಟ್ಯಾಂಕು ಮಾಡಿದ್ದರು. ಒಳಗೆ ಕೂತವರು ಹುರಿದುಹೋಗುತ್ತಿದ್ದುದರಿಂದ ಆ ಹೆಸರು. ಅವಸರದಲ್ಲಿ ಚಾಲಕನ ಮೊಣಕಾಲ ಹತ್ತಿರದ ತಗಡು ನಾಲ್ಕು ಬೆರಳು ಹೆಚ್ಚು ಚಾಚಿಕೊಂಡು ಬೆಸುಗೆಯಾಗಿಬಿಟ್ಟಿತ್ತು. ಅದು ಅಡ್ಡ ಬಂದು ಎಡಕ್ಕೆ ತಿರುಗಿಸುವ ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಬಾಣಲೆ ಎಡಕ್ಕೆ ತಿರುಗುತ್ತಿರಲಿಲ್ಲ. ನದಿಯಾಚೆ ಸಿಕ್ಕಿಕೊಂಡವರನ್ನು ಕರೆತರಲು ಹೋದಾಗ ಅದು ಸೇತುವೆ ದಾಟಿ ಬಲಗಡೆಯ ಬೀದಿಯವರನ್ನಷ್ಟೇ ತುಂಬಿಕೊಂಡು ಬಂತು. ಇನ್ನೊಂದು ಸುತ್ತು ಹೊರಡುವಷ್ಟರಲ್ಲಿ ಸೇತುವೆ ಬಿದ್ದಿತ್ತು. ಎಡಗಡೆಯ ಬೀದಿಯಲ್ಲಿ ಯಾರೂ ಉಳಿಯಲಿಲ್ಲ.

ಸಂಗ್ರಹಾಲಯದ ಫಲಕದಲ್ಲಿ 'ಎಡಕ್ಕೆ ತಿರುಗದ ಟ್ಯಾಂಕು' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ನೋಡಲು ಬಂದವರಿಗೆ ಅದನ್ನು ಓದಿದ ಕೂಡಲೇ ನಗು ಬರುತ್ತಿತ್ತು.

"ನಾಳೆ ರಾಜಧಾನಿಯಿಂದ ಲಾರಿ ಬರುತ್ತೆ ಸಾರ್. ಅಲ್ಲಿನ ದೊಡ್ಡ ಸಂಗ್ರಹಾಲಯಕ್ಕೆ ಕೊಟ್ಟಾಗಿದೆ. ನನ್ನ ಕೆಲಸ ಹೋಯ್ತು," ಎಂದು ಮೇಲ್ವಿಚಾರಕರು ತಲೆಯ ಮೇಲೆ ಕೈ ಹೊತ್ತರು. ಎಫ್‌ಐಆರ್ ದಾಖಲಾಯಿತು.

ಒಂಬತ್ತಕ್ಕೆ ಸ್ಥಳ ಪಂಚನಾಮೆ. ಶೆಡ್ಡಿನ ಬೀಗ ಒಡೆದಿರಲಿಲ್ಲ. ನೆಲದ ಮೇಲೆ ಡೀಸೆಲ್ ತೊಟ್ಟು, ಮೂಲೆಯಲ್ಲಿ ಕಬ್ಬಿಣದ ಪುಡಿ. ಪುಡಿಯ ಪಕ್ಕ ಉದ್ದನೆಯ ತಗಡಿನ ಚೂರು, ಒಂದು ಅಂಚು ಫಳಫಳ ಹೊಳೆಯುತ್ತಿತ್ತು. ದಫೇದಾರ ಅದನ್ನು ಕವರಿಗೆ ಹಾಕಿ ಸೀಲು ಮಾಡಿದ.

"ಕೀ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ವೆಲ್ಡರ್ ತಾತನ ಹತ್ರ ಒಂದು."

"ಯಾರವರು?"

"ಬಾಣಲೆ ಕಟ್ಟಿದವರಲ್ಲಿ ಉಳಿದಿರೋದು ಅವರೊಬ್ಬರೇ. ಪ್ರತಿ ಶುಕ್ರವಾರ ಬಂದು ಎಣ್ಣೆ ಹಾಕ್ತಾರೆ. ಲಾರಿಗೆ ಹತ್ತಿಸಬೇಕಲ್ಲ, ಎಂಜಿನ್ ರೆಡಿ ಮಾಡಿ ಅಂತ ನಾನೇ ಹೇಳಿದ್ದೆ. ಅವರು ಇರುವೆ ಮೇಲೂ ಕಾಲಿಡೋರಲ್ಲ, ಬಿಡಿ ಸಾರ್."

ಇನ್‌ಸ್ಪೆಕ್ಟರ್ ಬಿಡಲಿಲ್ಲ. ತಾತನ ಕೋಣೆಗೆ ಪೇದೆಯನ್ನು ಅಟ್ಟಿದರು. ಬಾಗಿಲಿಗೆ ಬೀಗ ಬಿದ್ದಿದೆಯೆಂದು ಅವನು ಫೋನ್ ಮಾಡಿದ.

ಹೊಸ ಸೇತುವೆಯಾಚೆಯ ವೃತ್ತದಲ್ಲಿ ಸಂಚಾರಿ ಪೇದೆ ನಿಂತಿದ್ದ. ಬಾಣಲೆ ಬಂದದ್ದನ್ನು ಅವನು ನೋಡಿದ್ದ. ನೋಡಿದ್ದೇನು, ಸೆಲ್ಯೂಟನ್ನೂ ಹೊಡೆದಿದ್ದ.

"ರಾಜಧಾನಿಗೆ ಮೆರವಣಿಗೆ ಅಂದ್ಕೊಂಡೆ ಸಾರ್. ನಾನೇ ಬಸ್ ನಿಲ್ಲಿಸಿ ದಾರಿ ಬಿಡಿಸಿದೆ."

"ಭೇಷ್! ಹಾರ ಹಾಕಲಿಲ್ವಾ? ಯಾವ ಕಡೆ ಹೋಯ್ತು?"

"ನಾನು ಬಸ್ಸಿನವನ ಜೊತೆ ಬಾಯಿ ಮಾಡ್ತಿದ್ದೆ. ಬಲಕ್ಕೇ ಸಾರ್. ಅದು ಎಡಕ್ಕೆ ತಿರುಗಲ್ವಲ್ಲ."

ಜೀಪು ಬಲಕ್ಕೆ ಹೊರಳಿತು. ಬಲಗಡೆಯ ಬೀದಿಯಲ್ಲಿ ಕ್ಷೌರದಂಗಡಿಯವನು, ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು, ಯಾರನ್ನು ಕೇಳಿದರೂ ಇಲ್ಲ ಎಂಬುದೇ ಉತ್ತರ. ಒಂಬತ್ತು ಟನ್ನಿನ ವಾಹನ ಯಾರ ಕಣ್ಣಿಗೂ ಬೀಳದೆ ಹೋಗುವುದುಂಟೆ? ಇನ್‌ಸ್ಪೆಕ್ಟರ್ ಸೀಟಿನ ಮೇಲಿದ್ದ ಕವರನ್ನು ಎತ್ತಿ, ತಗಡಿನ ಅಗಲಕ್ಕೆ ಬೆರಳಿಟ್ಟು ಅಳೆದರು. ನಾಲ್ಕು ಬೆರಳು.

"ಜೀಪ್ ತಿರುಗಿಸು," ಎಂದರು.

ವೃತ್ತದ ಎಡಗಡೆ, ಡಾಂಬರಿನ ಮೇಲೆ ಚೈನಿನ ಹಲ್ಲುಗಳ ಗುರುತು ಸಾಲಾಗಿ ಬಿದ್ದಿತ್ತು. ಇಡೀ ಊರು ಯಾವ ಕಡೆಗೆ ನೋಡುವುದನ್ನೇ ಬಿಟ್ಟಿತ್ತೋ, ಬಾಣಲೆ ಆ ಕಡೆಗೇ ಹೋಗಿತ್ತು.

ಎಡಬೀದಿಯ ಹಾಲಿನ ಅಂಗಡಿಯೊಂದರ ಮುಂದೆ ಅದು ನಿಂತಿತ್ತು. ಹಿಂಬಾಗಿಲು ತೆರೆದಿತ್ತು, ಏಣಿ ಇಳಿಬಿಟ್ಟಿತ್ತು. ಭಾನುವಾರವಾದ್ದರಿಂದ ಅಂಗಡಿ ಮುಚ್ಚಿತ್ತು. ಎದುರಿನ ಕಲ್ಲಿನ ಮೇಲೆ ವೆಲ್ಡರ್ ತಾತ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದರು. ಪೊಲೀಸರನ್ನು ಕಂಡು ಎದ್ದು ನಿಂತರು.

"ಗಾಡಿ ತಂದದ್ದು ನೀವೇನಾ?"

"ಹೂಂ ಸಾರ್."

"ತಗಡು ಕೊಯ್ದದ್ದು?"

"ನಾನೇ. ಆವತ್ತು ಅಂಟಿಸಿದ್ದೂ ನಾನೇ."

"ಇಲ್ಲಿಗೇ ಯಾಕೆ ತಂದ್ರಿ?"

ತಾತ ಅಂಗಡಿಯ ಮೆಟ್ಟಿಲು ತೋರಿಸಿದರು. "ಇದು ಆಗ ನಮ್ಮನೆ ಸಾರ್. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಗಾಡಿ ಬಾಗಿಲಿಗೇ ಬರುತ್ತೆ, ಅಲ್ಲೀವರೆಗೂ ಹೊರಗೆ ಕಾಲಿಡಬೇಡ ಅಂತ ಹೆಂಡತಿಗೆ ಹೇಳಿಕಳಿಸಿದ್ದೆ. ಗಾಡಿ ಓಡಿಸಿದ್ದು ಅವಳ ಅಣ್ಣ. ಕಾರ್ಖಾನೆ ಮುಂದೆ ಹಿಂಬಾಗಿಲು ತೆಗೆದೋನು ನಾನು. ಎಲ್ಲರೂ ಇಳಿದ್ರು, ಇವಳೊಬ್ಬಳು ಇಳಿಲಿಲ್ಲ. ಭಾವ ಲಿವರ್ ಹಿಡಿದ ಕೈ ಬಿಟ್ಟೇ ಇರಲಿಲ್ಲ. ಎಡಕ್ಕೆ ಬರಲಿಲ್ಲ ಕಣೋ ಅಂದ. ಆಮೇಲೆ ಬದುಕಿದ್ದಷ್ಟು ದಿನ ನನ್ನ ಹತ್ರ ಬೇರೆ ಮಾತೇ ಆಡ್ಲಿಲ್ಲ."

ದಫೇದಾರ ಮುಖ ಬೇರೆ ಕಡೆಗೆ ತಿರುಗಿಸಿದ.

"ನಾಳೆ ಲಾರಿ ಬಂದ್ರೆ ಮುಗೀತು ಸಾರ್. ಒಂದು ಸಲ ಬಾಗಿಲಿಗೆ ತಂದು ನಿಲ್ಲಿಸ್ಬೇಕು ಅನ್ನಿಸ್ತು. ಬೇರೇನಿಲ್ಲ."

"ಇಷ್ಟು ಹೊತ್ತು ಏನು ಮಾಡ್ತಿದ್ರಿ?"

"ಕಾಯ್ತಿದ್ದೆ. ಅವಳು ಕಾದಿದ್ದಕ್ಕೆ ಹೋಲಿಸಿದ್ರೆ ಇದ್ಯಾವ ಲೆಕ್ಕ!"

ಹನ್ನೊಂದು ಗಂಟೆಗೆ ದಸ್ತಗಿರಿ ಆಯಿತು. ಇನ್‌ಸ್ಪೆಕ್ಟರ್ ಕಳವಿನ ಕಲಂ ಹೇಳಿದರು. ಇಪ್ಪತ್ತು ವರ್ಷ ಹೇಳಿ ಬಾಯಿಪಾಠವಾಗಿದ್ದ ಮಾತು ಆ ದಿನ ಎರಡು ಕಡೆ ತಪ್ಪಿತು.

ಆಮೇಲೆ ಶುರುವಾಯಿತು ಪೇಚಾಟ. ಬಾಣಲೆಯನ್ನು ವಾಪಸು ಒಯ್ಯುವವರು ಯಾರು? ಇಡೀ ಊರಿಗೆ ಅದನ್ನು ಓಡಿಸಲು ಬರುತ್ತಿದ್ದದ್ದು ಆರೋಪಿಯೊಬ್ಬರಿಗೇ. ಕೊನೆಗೆ ಆರೋಪಿಯೇ ಓಡಿಸುವುದು, ಇನ್‌ಸ್ಪೆಕ್ಟರ್ ಕಾವಲಿಗೆ ಹಿಂದೆ ಕೂರುವುದು ಎಂದಾಯಿತು. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೋ ಎಂದು ದಫೇದಾರ ಕೇಳಲು ಹೋಗಿ, ಏಣಿ ಹಿಡಿದು ನಿಂತ.

ಠಾಣೆಯಿಂದ ಬಂದಿದ್ದ ರೈಟರ್ ಒಳಗೆ ಬಗ್ಗಿ ಜಪ್ತಿ ಪಂಚನಾಮೆಗೆ ಸಾಮಾನು ನೋಡುತ್ತಿದ್ದ. ಬೆಂಚಿನ ಒಂದು ಕೊನೆಯಲ್ಲಿ ಹೊಸ ಕಂಬಳಿ, ಕೂರುವವರಿಗೆ ಮೆತ್ತಗಾಗಲೆಂದು ಮಡಿಸಿ ಹಾಸಿತ್ತು.

"ಇದನ್ನೂ ತೆಗೆದು ಸೀಲ್ ಮಾಡ್ಲಾ ಸಾರ್?"

"ಬರಕೋ. ತೆಗೀಬೇಡ."

ಇನ್‌ಸ್ಪೆಕ್ಟರ್ ಏಣಿ ಹತ್ತಿ ಬೆಂಚಿನ ಇನ್ನೊಂದು ಕೊನೆಗೆ ಸರಿದು ಕೂತರು. ಪೇದೆ ಹಿಂಬಾಗಿಲು ಹಾಕಲು ಬಂದ.

"ತಡಿಯಪ್ಪಾ," ಎಂದರು ತಾತ. ಮೆಟ್ಟಿಲ ಕಡೆ ಒಮ್ಮೆ ನೋಡಿ, ಯಾರೋ ಹತ್ತಿ ಕೂತು ಸೆರಗು ಒಳಗೆಳೆದುಕೊಳ್ಳುವಷ್ಟು ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತರು. ಆಮೇಲೆ ತಾವೇ ಮೆಲ್ಲಗೆ ಮುಚ್ಚಿ, ಮುಂದೆ ಹೋಗಿ ಎಂಜಿನ್ ಚಾಲು ಮಾಡಿದರು.