ಸಡಿಲ ಪಟ್ಟು

ಮೊದಲ ದಿನ ಅವಳು ಅವನನ್ನೇ ಕೋಚ್ ಎಂದುಕೊಂಡು ನಮಸ್ಕಾರ ಮಾಡಿದ್ದಳು. ಅವನು ಫ್ರಿಜ್ ರಿಪೇರಿ ಮಾಡುವವನು, ಸಂಜೆ ಮಾತ್ರ ಕುಸ್ತಿ ಹಾಲ್‌ಗೆ ಬರುತ್ತಿದ್ದ. ತಿದ್ದಲು ಮನಸ್ಸಾಗದೆ ಸ್ವಲ್ಪ ಹೊತ್ತು ಕೋಚ್ ಆಗಿಯೇ ಇದ್ದುಬಿಟ್ಟ. ನಿಜ ತಿಳಿದಾಗ ಅವಳು ಮುನಿದಂತೆ ನೋಡಿ, ತುಟಿಯಂಚಿನಲ್ಲಿ ನಕ್ಕಳು. ಅಲ್ಲಿಗೆ ಅವನ ಕಥೆ ಮುಗಿಯಿತು.

ಅವಳು ಸಿಟಿ ಬಸ್ ಡ್ರೈವರ್. ಟೂರ್ನಮೆಂಟ್ ಗೆಲ್ಲುವ ಹಟ. ಅಭ್ಯಾಸಕ್ಕೆ ಅವನೇ ಜೋಡಿ: ಅವನು ಪಟ್ಟು ಹಾಕಬೇಕು, ಅವಳು ಬಿಡಿಸಿಕೊಳ್ಳಬೇಕು. ಅವಳ ಎದೆಯ ಮೇಲೆ ಅಡ್ಡಲಾಗಿ ಭಾರ ಹಾಕಿ, ಅವಳ ಮಣಿಕಟ್ಟನ್ನು ಕಿವಿಯ ಪಕ್ಕ ಮ್ಯಾಟ್‌ಗೆ ಒತ್ತಿ, ಇನ್ನೊಂದು ಕೈಯನ್ನು ತೋಳಿನಡಿ ತೂರಿಸಿ ತನ್ನದೇ ಮಣಿಕಟ್ಟು ಹಿಡಿದು, ಅವಳ ಮೊಣಕೈ ಎತ್ತಬೇಕು. ಭುಜದ ಕೀಲು ಬಿಗಿಯುತ್ತದೆ. ಈ ಬಗೆಯ ಕುಸ್ತಿಯಲ್ಲಿ ಕೆಳಗಿದ್ದವರು ಮ್ಯಾಟ್ ತಟ್ಟಿದರೆ ಸೋತಂತೆ, ಬಿಟ್ಟುಬಿಡಬೇಕು.

ಅವಳ ಹುಬ್ಬು ಗಂಟಿಕ್ಕಿದ ಕೂಡಲೇ ಅವನ ಬೆರಳುಗಳು ತಾವಾಗಿ ಸಡಿಲವಾಗುತ್ತಿದ್ದವು. ಅವಳು ಸೊಂಟ ತಿರುವಿ ಜಾರಿಕೊಂಡು, "ನಿಮ್ಮ ಪಟ್ಟೆಲ್ಲ ಇಷ್ಟೇನಾ?" ಎಂದು ಕಣ್ಣರಳಿಸುತ್ತಿದ್ದಳು. ಆ ನೋಟಕ್ಕಾಗಿ ಅವನು ದಿನವೂ ಸೋಲುತ್ತಿದ್ದ. ಮುದ್ದು ಮಾಡೋಕೆ ಮ್ಯಾಟ್ ಯಾಕೆ ಎಂದು ಕೋಚ್ ಒಮ್ಮೆ ಬದಿಗೆ ಕರೆದು ಗದರಿದ್ದರು. ಹೂಂ ಅಂದ. ಮರುದಿನ ಮತ್ತದೇ ರಾಗ, ಅದೇ ಹಾಡು.

ಟೂರ್ನಮೆಂಟಿನಲ್ಲಿ ಎದುರಾಳಿ ಅದೇ ಪಟ್ಟು ಹಾಕಿದಳು. ಇವಳು ತಟ್ಟಲಿಲ್ಲ. ಬಿಡಿಸಿಕೊಳ್ಳಲು ಬರುತ್ತದಲ್ಲ ಎಂಬ ಧೈರ್ಯದಲ್ಲಿ ಸೊಂಟ ತಿರುವಿದಳು. ಮೇಲಿನ ಕೈ ಸಡಿಲವಾಗಲಿಲ್ಲ. ಭುಜ ಕಳಚಿದ ಸದ್ದು ಅಂಚಿನಲ್ಲಿ ಕೂತಿದ್ದ ಅವನಿಗೂ ಕೇಳಿಸಿತು.

ಆಪರೇಷನ್ ಆದ ಮೇಲೆ ಅವನು ಅವಳ ಮನೆಗೆ ಹೋದ. ಬಾಗಿಲು ತೆಗೆದ ಅವಳ ಅಕ್ಕ, ಇನ್ನು ಬಸ್ಸಿನ ಸ್ಟೀರಿಂಗ್ ತಿರುಗಿಸುವುದು ಅನುಮಾನವಂತೆ ಎಂದಷ್ಟೇ ಹೇಳಿ ಒಳಗೆ ಹೋದಳು.

"ನಂಗೆ ನೋವು ಮಾಡೋಕೆ ನಿಮ್ಗೆ ಮನಸ್ಸು ಬರ್ಲಿಲ್ಲ, ಅಲ್ವಾ?" ಅವಳೇ ಕೇಳಿದಳು.

"ಇಲ್ಲ. ನೀವಂದ್ರೆ ನಂಗೆ ಪ್ರಾಣ."

"ಗೊತ್ತಿತ್ತು. ನಂಗೂ ಅಷ್ಟೇ." ಅವಳು ಕಿಟಕಿಯತ್ತ ತಿರುಗಿದಳು. "ನೋವಾಗಿದ್ರೆ ತಟ್ತಿದ್ದೆ, ಕಲೀತಿದ್ದೆ. ಈಗ ನೀವು ಏನೇ ಒಳ್ಳೇ ಮಾತಾಡಿದ್ರೂ, ಇದೂ ಸಡಿಲ ಬಿಟ್ಟಿದ್ದೇನೋ ಅನ್ಸತ್ತೆ."

ಅವಳ ಕೈಯನ್ನು ಕತ್ತಿಗೆ ತೂಗಿಹಾಕಿದ್ದ ಪಟ್ಟಿ ಮಡಚಿಕೊಂಡಿತ್ತು. ಅದನ್ನು ಮೆಲ್ಲಗೆ ನೇರ ಮಾಡಿದ. ಅವಳು ಕಣ್ಣು ಮುಚ್ಚಿದಳು.

ಅವನು ಎದ್ದು ನಿಂತಾಗ ಅವಳು ಹೋಗಿ ಬನ್ನಿ ಅನ್ನಲಿಲ್ಲ.

"ಹೋಗಿ," ಎಂದಷ್ಟೇ ಅಂದಳು, ಬಲು ಮೃದುವಾಗಿ.