ಸುಜನನ ದನಿಯಲ್ಲಿ ಶನಿವಾರ

ಕಳೆದ ಅಕ್ಟೋಬರಿನಲ್ಲಿ ಕುಂದಾಪುರದ ‘ಕಡಲಸಿರಿ’ ಚಾನೆಲ್ಲಿನ ಮಾಲೀಕ ಉಮಾನಾಥ, ವಾರದ ಹವಾಮಾನ ವರದಿಯಿಂದ ‘ಗುರುವಾರ ಕಡಲಿಗೆ ಇಳಿಯಬೇಡಿ’ ಎಂಬ ಸಾಲು ತೆಗೆಸಿದ. ಗುರುವಾರ ತ್ರಾಸಿಯಲ್ಲಿ ರೆಸಾರ್ಟಿನವರ ಬೋಟು ಮಗುಚಿತು. ಅದರಲ್ಲಿದ್ದವರನ್ನು ಎಳೆದು ತರಲು ನೀರಿಗೆ ಹಾರಿದ ಸುಜನ್ ತಿರುಗಿ ಬರಲಿಲ್ಲ. ತೆಗೆಸಿದ ಆ ಸಾಲನ್ನು ಮೈಕಿನಲ್ಲಿ ಓದಿದ್ದವನು, ಚಾನೆಲ್ಲಿಗೆ ಹವಾಮಾನ ಹೇಳುತ್ತಿದ್ದ ಸುಜನನೇ.

ಈಗ ಮೇ ತಿಂಗಳು. ಭಾನುವಾರ ಬಂದರೆ ಸುಜನ್ ಇನ್ನೂ ಹವಾಮಾನ ಹೇಳುತ್ತಾನೆ.

ಅವನು ರಜೆ ಹಾಕಿದ ದಿನಕ್ಕೆ ಬೇಕಾಗುತ್ತದೆಂದು ಹಿಂದೆಯೇ ಎಲ್ಲ ಓದಿಸಿಟ್ಟಿದ್ದರು. ವಾರಗಳ ಹೆಸರು, ಮೋಡಗಳ ಹೆಸರು, ಗಾಳಿ, ಗುಡುಗು, ಬಿಸಿಲು, ಎಲ್ಲ ಬಿಡಿ ಬಿಡಿ ತುಣುಕು. ಎಡಿಟಿಂಗ್ ಮಾಡುವ ಅಕ್ಷಿತಾ ಹೆಡ್‌ಫೋನ್ ಹಾಕಿಕೊಂಡು ಸತ್ತವನ ಬಾಯಲ್ಲಿ ಹೊಸ ವಾರವನ್ನು ಜೋಡಿಸುತ್ತಾಳೆ. ವಾಟ್ಸಾಪಿನಲ್ಲಿ ಅದು ಬ್ರಹ್ಮಾವರದಿಂದ ಬೈಂದೂರಿನ ತನಕ ಹೋಗುತ್ತದೆ.

ಮೊನ್ನೆ ಕೋಟದ ಬಸ್‌ಸ್ಟಾಪಿನಲ್ಲಿ ಮೀನು ಮಾರುವ ಬಾಗಿಯಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದಳು. ಮುಗಿದ ಮೇಲೆ ಪಕ್ಕದಲ್ಲಿದ್ದ ಅಕ್ಷಿತಾಳ ಕಡೆ ತಿರುಗಿ, “ಸತ್ರೂ ಸುಳ್ಳ್ ಹೇಳ್ತಿಲ್ಲ ಕಾಣ್, ಆ ಮಗ,” ಅಂದಳು.

ಬಸ್ ಬಂದರೂ ಅಕ್ಷಿತಾ ಹತ್ತದೆ ಸುಡುಬಿಸಿಲಿನಲ್ಲೇ ನಿಂತಳು.

ಸುಜನ್ ಮೊದಲ ಸಲ ಸ್ಟುಡಿಯೋಗೆ ಬಂದಾಗ ಅವಳು ತಲೆ ಎತ್ತದೆ, “ಎಸಿ ಅಲ್ಲಿತ್ತ್, ಕಾಣಿ,” ಅಂದಿದ್ದಳು. ಮೆಕ್ಯಾನಿಕ್ ಬರಬೇಕಿತ್ತು. ಅವನು ಮರುಮಾತಾಡದೆ ಕುರ್ಚಿ ಹತ್ತಿ, ಎಸಿ ಬಿಚ್ಚಿ, ಫಿಲ್ಟರ್ ತೊಳೆದು ತಂದು ಹಾಕಿದ. ಮೂಗಿನ ತುದಿಯಲ್ಲಿ ಧೂಳು.

“ಇನ್ನ್ ಹವಾಮಾನ ಓದುದಾ ಮೇಡಂ? ಇಲ್ಲ, ಫ್ಯಾನೂ ಒರ್ಸ್ಕಾ?”

ಆಮೇಲೆ ಅವಳು ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ, ಅವನು ಈಚೆ ಮೈಕಿನ ಮುಂದೆ. ಓದುತ್ತ ಓದುತ್ತ ಕಣ್ಣೆತ್ತುತ್ತಿದ್ದ. ಅವಳು ಸ್ಕ್ರೀನ್ ನೋಡುವವಳ ಹಾಗೆ ನಟಿಸುತ್ತಿದ್ದಳು.

“ಪದರು ಮೋಡ ಅಂದ್ರ್ ಎಂತ?” ಕೇಳಿದ್ದಳು ಒಮ್ಮೆ.

“ನೀ ಸಿಟ್ಟ್ ಮಾಡ್ಕಂಡಾಗಿನ ಮುಖ. ಬಿಸ್ಲೂ ಇಲ್ಲ, ಮಳಿಯೂ ಇಲ್ಲ.”

“ರಾಶಿ ಮೋಡ?”

“ಈಗ ನಗಾಡ್ದೆ ಅಲ್ದಾ, ಅದ್.”

ಇಂದು ಉಮಾನಾಥ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಸ್ಕ್ರೀನಿನಲ್ಲಿ ಈ ವಾರದ ಮುನ್ಸೂಚನೆ: ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ. ಬುಧವಾರದ ತನಕ ಎತ್ತರದಲ್ಲಿ ಹಿಮಕಣ ಮೋಡ, ಆಮೇಲೆ ದಟ್ಟಣೆ. ಶನಿವಾರ ರಾಶಿ ವೃಷ್ಟಿ ಮೋಡ, ಗುಡುಗು, ಬಿರುಗಾಳಿ. ಶನಿವಾರವೇ ತ್ರಾಸಿಯಲ್ಲಿ ಚಾನೆಲ್ಲಿನ ಸ್ಪಾನ್ಸರರ ಬೀಚ್ ಫೆಸ್ಟ್.

“ಶನಿವಾರಕ್ಕೆ ‘ತುಂತುರು’ ಅಂತ ಹಾಕ್ ಮಗಾ. ಜನ ಹೆದ್ರುಕಾಗ.”

“ಉಮಾನಾಥಣ್ಣ, ಆರೆಂಜ್ ಅಲರ್ಟ್ ಇತ್ತಲ್ದಾ?”

“ಅಲರ್ಟ್ ದಿನಾ ಇರತ್ತ್. ಸ್ಪಾನ್ಸರ್ ದಿನಾ ಬತ್ರಾ? ಸುಜನಂದೇ ದನಿ ಹಾಕ್. ಜನ ನಂಬ್ತ್ರ್.”

ಅವಳು ಹೆಡ್‌ಫೋನ್ ಹಾಕಿಕೊಂಡಳು. ‘ಶನಿವಾರ’ ತೆಗೆದಳು. ಅದರ ಪಕ್ಕ ‘ತುಂತುರು ಮಳೆ’ ಇಟ್ಟಳು. ಎರಡರ ನಡುವೆ ಅವನ ಉಸಿರು. ಬೇರೆಯವರಾದರೆ ಉಸಿರನ್ನು ಕತ್ತರಿಸುತ್ತಾರೆ. ಅವಳು ಒಂದನ್ನೂ ಕತ್ತರಿಸಿದವಳಲ್ಲ. ಇಂದು ಆ ಉಸಿರು ಕುತ್ತಿಗೆಯ ಹಿಂದೆ ತಾಗಿತು. ಹೇಳಲಾರೆ ಎಂದು ಗಂಟಲಲ್ಲೇ ತಡೆದು ನಿಂತವನ ಉಸಿರಿನ ಹಾಗೆ. ಮತ್ತೆ ಹಾಕಿದಳು. ಮತ್ತೆ ತಡೆದ.

ಒಮ್ಮೆ ಕೊಂದದ್ದು ಸಾಕಾಗಲಿಲ್ಲ ಇವರಿಗೆ. ಅವನ ಬಾಯಿಂದಲೇ ಬೇರೆಯವರನ್ನು ನೀರಿಗಿಳಿಸಬೇಕು.

ಅವನ ಕೊನೆಯ ರೆಕಾರ್ಡಿಂಗಿನ ತುದಿಯಲ್ಲಿ, ಮೈಕ್ ಆಫ್ ಆಗಿದೆ ಎಂದುಕೊಂಡು ಅವನಾಡಿದ ಮಾತೊಂದಿದೆ: “ಹ್ವಾಯ್, ಅಕ್ಷಿತಾ... ಎಂತ ಇಲ್ಲ. ನಾಳಿ ಹೇಳ್ತೆ.”

ಪ್ರತಿ ವಾರ ಅವಳು ಅದನ್ನು ಕೇಳಿಯೇ ಮನೆಗೆ ಹೋಗುವುದು. ಅವನ ನಾಳೆ ಬರಲೇ ಇಲ್ಲ.

“ನಂಗೂ ನಿನ್ನ ಇಷ್ಟ, ಸುಜನ್,” ಅಂದಳು ಮೆಲ್ಲಗೆ. “ಈಗ್ಲೂ.”

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಆ ತುದಿಯ ಮಾತನ್ನು ಮಾತ್ರ ತನ್ನ ಫೋನಿಗೆ ಹಾಕಿಕೊಂಡಳು. ಅದರಲ್ಲಿ ವಾರವಿಲ್ಲ, ಮೋಡವಿಲ್ಲ, ಯಾರೂ ಅದರಿಂದ ಸುಳ್ಳು ಕಟ್ಟಲಾರರು. ಉಳಿದದ್ದನ್ನೆಲ್ಲ ಅಳಿಸಿದಳು. ಸೋಮವಾರ ಹೋಯಿತು. ಗುಡುಗು ಹೋಯಿತು. ರಾಶಿ ಮೋಡದ ಮೇಲೆ ಬೆರಳು ತುಸು ನಿಂತಿತು. ಅದೂ ಹೋಯಿತು.

“ಎಂತ ಮಾಡ್ದೆ ನೀನ್?” ಉಮಾನಾಥ ಸ್ಕ್ರೀನಿಗೆ ಬಗ್ಗಿದ.

“ಅವ್ನ್ನ ಕಳ್ಸ್ಕೊಟ್ಟೆ.”

“ತಲಿ ಸಮ ಇತ್ತಾ ನಿಂಗೆ? ಹಾಂಗಾರೆ ನೀನೇ ಓದ್. ಶನಿವಾರ ತುಂತುರು. ಕೂಕೋ ಅಲ್ಲಿ!”

ಅವಳು ಗಾಜಿನಾಚೆಯಿಂದ ಈಚೆಗೆ ಬಂದಳು. ಅವನ ಎತ್ತರಕ್ಕಿದ್ದ ಮೈಕನ್ನು ತನ್ನ ಬಾಯಿಯ ಮಟ್ಟಕ್ಕೆ ಇಳಿಸಿಕೊಂಡು ಕೂತಳು.

“ಓದ್ತೆ ಉಮಾನಾಥಣ್ಣ. ನೀವ್ ಹೇಳಿದ್ದ್ ಓದುದಿಲ್ಲ.”